ಕಡಕ್ ಪಾವಿನೊಳಗೆ ಅಂಡರ್‌ಕಟ್

ಮುಂಬಯಿಯ ಜೋಗೇಶ್ವರಿಯಲ್ಲಿ ಸ್ಟೇಕ್ ಎಂದರೆ ಎಮ್ಮೆ, ಇಲ್ಲವೇ ಕೋಣ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಬಿಲ್ಡಿಂಗಿನ ಹುಡುಗರು ಅಮೆರಿಕದವರ ವೀಡಿಯೊ ನೋಡಿ, ಎರಡು ಬೆರಳು ದಪ್ಪದ ತುಂಡು ತಂದು, ತವಾ ಕಾಯುವ ಮೊದಲೇ ಅದರ ಮೇಲೆ ಹಾಕಿ, ಆಮೇಲೆ ‘ಅಂಕಲ್, ಚಪ್ಪಲಿ ಜಗಿದ ಹಾಗಾಯ್ತು’ ಎಂದು ನನ್ನ ಹತ್ತಿರ ದೂರು ತರುತ್ತಾರೆ. ಆ ವೀಡಿಯೊದ ದನ ಬೇರೆ, ನಮ್ಮ ಎಮ್ಮೆ ಬೇರೆ. ಅಲ್ಲಿಯದು ಕಾಳು ತಿನ್ನಿಸಿ ಕೊಬ್ಬಿಸಿದ್ದು. ಮಾಂಸದ ಎಳೆ ಎಳೆಯ ನಡುವೆ ಕೊಬ್ಬಿನ ಗೆರೆ ಇರುತ್ತದೆ, ಕಾವು ತಾಗಿದರೆ ಅದೇ ಕರಗಿ ಮಾಂಸವನ್ನು ಮೆತ್ತಗೆ ಇಡುತ್ತದೆ. ಎಮ್ಮೆಯಲ್ಲಿ ಆ ಗೆರೆ ಇಲ್ಲವೆಂದೇ ಹೇಳಬೇಕು. ಹಾಗೆಂದು ಅದು ಕೀಳಲ್ಲ. ಅದರ ಸ್ವಭಾವ ನೋಡಿಕೊಂಡು ಮಾಡಬೇಕು, ಅಷ್ಟೆ.

ನಾನು ಕರ್ನಾಟಕದ ಶಿರ್ವದ ಕಡೆಯವನು. ಸಹಾರ್ ವಿಮಾನ ನಿಲ್ದಾಣದ ಹತ್ತಿರದ ಒಂದು ಫ್ಲೈಟ್ ಕಿಚನ್‌ನಲ್ಲಿ ಅಡುಗೆ ಮಾಡಿ ರಿಟೈರ್ ಆದವನು. ಅಲ್ಲಿ ಸ್ಟೇಕನ್ನು ಮುಕ್ಕಾಲು ಬೇಯಿಸಿ ಥಟ್ಟನೆ ತಣಿಸಿ ಇಡುತ್ತಿದ್ದೆವು. ಉಳಿದ ಕಾಲು ಬೇಯುವುದು ಆಕಾಶದಲ್ಲಿ. ಅಂಥ ಮಾಂಸ ಹೇಗಿರುತ್ತದೆ ಎಂದು ವಿಮಾನದಲ್ಲಿ ಉಂಡವರನ್ನೇ ಕೇಳಿ. ಮನೆಯಲ್ಲಿ ಮಾಡುವವನಿಗೆ ಆ ಅವಸರವೂ ಇಲ್ಲ, ಆ ನಿಯಮವೂ ಇಲ್ಲ.

ಎಮ್ಮೆಯೇ ಯಾಕೆ ಎಂದರೆ ಕಾನೂನು. ಮಹಾರಾಷ್ಟ್ರದ 1976ರ ಕಾಯ್ದೆ ಹಸುವಿನ ವಧೆಯನ್ನು ನಿಷೇಧಿಸಿತ್ತು. 2015ರ ಮಾರ್ಚ್‌ನಲ್ಲಿ ಬಂದ ತಿದ್ದುಪಡಿ ಹೋರಿ, ಎತ್ತುಗಳನ್ನೂ ಅದಕ್ಕೆ ಸೇರಿಸಿತು. ಎಮ್ಮೆ, ಕೋಣ ಹೊರಗುಳಿದವು. ಕರ್ನಾಟಕದಲ್ಲಿ 2020ರ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ, ಕೋಣಕ್ಕೆ ಮಾತ್ರ ವಿನಾಯಿತಿ. ಅಷ್ಟು ವಯಸ್ಸಾದ ಮಾಂಸ ಸ್ಟೇಕಿಗಲ್ಲ, ಕುಕ್ಕರಿಗೆ. ಊರಿಗೆ ಹೋದಾಗ ಸ್ಟೇಕಿನ ಮಾತೇ ನಾನು ಎತ್ತುವುದಿಲ್ಲ.

ಮುಂಬಯಿಗೆ ಎಮ್ಮೆ ಹೊಸತಲ್ಲ. ನಮ್ಮ ಜೋಗೇಶ್ವರಿ–ವಿಕ್ರೋಲಿ ಲಿಂಕ್ ರೋಡಿನ ಪಕ್ಕದಲ್ಲೇ ಆರೇ ಕಾಲೊನಿ ಇದೆ. ಊರೊಳಗಿನ ತಬೇಲಾಗಳನ್ನು, ಅಂದರೆ ಎಮ್ಮೆ ಕೊಟ್ಟಿಗೆಗಳನ್ನು, ಹೊರಗೆ ಸಾಗಿಸಬೇಕೆಂದು 1949ರಲ್ಲಿ ಅದನ್ನು ಶುರು ಮಾಡಿದರು. ಈ ನಗರ ಕುಡಿದು ಬೆಳೆದದ್ದು ಎಮ್ಮೆ ಹಾಲನ್ನೇ. ಮೇವಿನ ಹಳದಿ ಬಣ್ಣವನ್ನು ಎಮ್ಮೆಯ ದೇಹ ವಿಟಮಿನ್ ಎ ಆಗಿ ಬದಲಾಯಿಸಿಬಿಡುತ್ತದೆ. ಹಾಗಾಗಿ ಅದರ ಹಾಲು, ಬೆಣ್ಣೆ ಮಾತ್ರವಲ್ಲ, ಕೊಬ್ಬೂ ಬೆಳ್ಳಗೆ. ದನದ ಕೊಬ್ಬು ತುಸು ಹಳದಿ. ಎಮ್ಮೆಯ ಮಾಂಸದ ಬಣ್ಣವೂ ಗಾಢ, ಕಡು ಕೆಂಪು. ಅದು ರಕ್ತ ಅಲ್ಲ. ಸ್ನಾಯುವಿನಲ್ಲಿ ಆಮ್ಲಜನಕ ಹಿಡಿದಿಡುವ ಮಯೋಗ್ಲೋಬಿನ್. ತಟ್ಟೆಯಲ್ಲಿ ಕೆಂಪು ನೀರು ಕಂಡು ಮುಖ ಸಿಂಡರಿಸುವವರಿಗೆ ಇದನ್ನು ಹೇಳಿ ಸಮಾಧಾನ ಮಾಡಬಹುದು. ಒಪ್ಪುವುದು ಬಿಡುವುದು ಅವರ ಇಷ್ಟ.

ಬೆಹ್ರಾಮ್ ಬಾಗ್ ಕಡೆಯ ಅಂಗಡಿಗೆ ನಾನು ಬೆಳಿಗ್ಗೆ ಏಳಕ್ಕೇ ಹೋಗುತ್ತೇನೆ. ತಡವಾದರೆ ‘ಅಂಡರ್‌ಕಟ್ ಹೋಟೆಲಿನವರು ಒಯ್ದರು ಅಂಕಲ್, ಪಸಂದಾ ಕೊಡಲಾ?’ ಎನ್ನುತ್ತಾನೆ ಹುಡುಗ. ಅಂಡರ್‌ಕಟ್ ಎಂದರೆ ಬೆನ್ನುಮೂಳೆಯ ಅಡಿಯಲ್ಲಿ ಉದ್ದಕ್ಕೆ ಮಲಗಿರುವ ಮಾಂಸ. ಒಂದು ಪ್ರಾಣಿಗೆ ಎರಡೇ ಪಟ್ಟಿ. ನಡೆಯುವ, ಭಾರ ಹೊರುವ ಕೆಲಸ ಅದಕ್ಕಿಲ್ಲದ ಕಾರಣ ಎಳೆ ಮೃದು. ಪಸಂದಾ ಎಂದರೆ ತೊಡೆಯ ಮಾಂಸವನ್ನು ತೆಳ್ಳಗೆ ಕೊಯ್ದು ಕತ್ತಿಯ ಬೆನ್ನಿನಿಂದ ತಟ್ಟಿದ್ದು. ಸ್ಯಾಂಡ್‌ವಿಚ್ಚಿಗೆ ಅದೂ ಆದೀತು. ಅದಕ್ಕೆ ಮಾತ್ರ ಅರ್ಧ ಕಿಲೋಗೆ ಒಂದು ಚಮಚ ಹಸಿ ಪಪ್ಪಾಯಿ ಅರೆದು ಹಚ್ಚಿ ಅರ್ಧ ಗಂಟೆ ಬಿಡಿ. ಪಪ್ಪಾಯಿಯ ಪಪೈನ್ ಎಂಬ ಕಿಣ್ವ ಮಾಂಸದ ಎಳೆಯನ್ನು ಕತ್ತರಿಸುತ್ತದೆ; ರಾತ್ರಿಯಿಡೀ ಬಿಟ್ಟರೆ ಮೇಲ್ಮೈ ಹಿಟ್ಟಾಗುತ್ತದೆ. ಅಂಡರ್‌ಕಟ್ಟಿಗೆ ಪಪ್ಪಾಯಿ ಹಚ್ಚುವುದು ವ್ಯರ್ಥ.

ಇನ್ನೊಂದು ವಿಷಯ ನಮ್ಮವರು ಒಪ್ಪುವುದೇ ಇಲ್ಲ. ‘ತಾಜಾ’ ಮಾಂಸ ಬೇಕೆಂದು ಬೆಳಿಗ್ಗೆ ತಂದು ಮಧ್ಯಾಹ್ನ ಒಲೆಗೆ ಹಾಕುತ್ತಾರೆ. ಕಡಿದ ಕೆಲವೇ ಗಂಟೆಗಳಲ್ಲಿ ಸ್ನಾಯು ಸೆಟೆದು ಗಟ್ಟಿಯಾಗುತ್ತದೆ. ಮತ್ತೆ ಸಡಿಲಾಗಲು ಸಮಯ ಬೇಕು. ತುಂಡನ್ನು ಒರೆಸಿ, ಮೇಲಿನ ಬಿಳಿ ಪೊರೆಯನ್ನು ಚೂಪು ಚೂರಿಯಿಂದ ಬಿಡಿಸಿ, ತಟ್ಟೆಯಲ್ಲಿಟ್ಟು ಫ್ರಿಜ್ಜಿನ ಅತಿ ತಣ್ಣನೆಯ ಮೂಲೆಯಲ್ಲಿ ಎರಡು ದಿನ ಇಡಿ. ಶುಕ್ರವಾರ ತಂದದ್ದು ಭಾನುವಾರ ಇಗರ್ಜಿಯ ಪೂಜೆ ಮುಗಿಸಿ ಬರುವ ಹೊತ್ತಿಗೆ ಹದವಾಗಿರುತ್ತದೆ. ಮೇಲ್ಮೈ ಒಣಗಿರುವುದೂ ಲಾಭವೇ. ನೀರು ಎಷ್ಟು ಕುದಿದರೂ 100 ಡಿಗ್ರಿ ದಾಟುವುದಿಲ್ಲ, ಮಾಂಸಕ್ಕೆ ಕಂದು ಬಣ್ಣವೂ ಆ ಪರಿಮಳವೂ ಬರಬೇಕಾದರೆ ಸುಮಾರು 140 ಡಿಗ್ರಿ ಬೇಕು. ಒದ್ದೆ ಮಾಂಸ ಬೇಯುತ್ತದೆಯೇ ಹೊರತು ಹುರಿಯುವುದಿಲ್ಲ.

ನನ್ನದು ಊರಿನಿಂದ ತಂದ ಕಬ್ಬಿಣದ ಕಾವಲಿ, ದೋಸೆಯದ್ದೇ. ನಾನ್‌ಸ್ಟಿಕ್ಕಿಗೆ ಈ ಕೆಲಸ ಹೇಳಬೇಡಿ, ಅಷ್ಟು ಕಾವಿಗೆ ಅದರ ಲೇಪ ಹಾಳು. ಮೂರು ಜನಕ್ಕೆ ಅರ್ಧ ಕಿಲೋ ಅಂಡರ್‌ಕಟ್ ಸಾಕು. ಅದನ್ನು ಎರಡು ತುಂಡು ಮಾಡಿ ಉಪ್ಪು, ಒರಟಾಗಿ ಕುಟ್ಟಿದ ಕರಿಮೆಣಸು ಒತ್ತಿ. ಕಾವಲಿ ಹೊಗೆಯಾಡತೊಡಗಿದ ಮೇಲೆ ಎಣ್ಣೆ ಸವರಿ ಒಂದು ತುಂಡು ಇಡಿ. ಎರಡನ್ನೂ ಒಟ್ಟಿಗೆ ಇಟ್ಟರೆ ಕಾವಲಿ ತಣ್ಣಗಾಗಿ ನೀರು ಬಿಡುತ್ತದೆ. ‘ಚುಂಯ್’ ಎಂಬ ಸದ್ದು ಇಳಿಯಲೇಬಾರದು. ಪದೇ ಪದೇ ಅಲುಗಾಡಿಸಬೇಡಿ. ಕಂದು ಹೊರಪದರ ಕಟ್ಟಿದ ಮೇಲೆ ಮಾಂಸ ತಾನೇ ಕಾವಲಿ ಬಿಡುತ್ತದೆ, ಆಗ ಮಗುಚಿ. ನಾಲ್ಕೂ ಬದಿ ಹೀಗೆ ಆದ ಮೇಲೆ ಉರಿ ಇಳಿಸಿ ಒಂದು ದೊಡ್ಡ ಚಮಚ ಬೆಣ್ಣೆ, ಜಜ್ಜಿದ ಬೆಳ್ಳುಳ್ಳಿ ಹಾಕಿ, ಕರಗಿದ ಬೆಣ್ಣೆಯನ್ನು ಮೇಲೆ ಮೇಲೆ ಸುರಿಯುತ್ತಿರಿ. ಅಡುಗೆಯ ಥರ್ಮಾಮೀಟರ್ ಇದ್ದರೆ ನಡುವಿಗೆ ಚುಚ್ಚಿ. 63 ಡಿಗ್ರಿ ಬಂದರೆ ತೆಗೆಯಿರಿ. ಅದಕ್ಕಿಂತ ಹಸಿ ಇರಲಿ ಎನ್ನುವ ಶೋಕಿ ಮುಂಬಯಿಯ ಸೆಕೆಯಲ್ಲಿ ತೆರೆದ ಅಂಗಡಿಯಿಂದ ತಂದ ಮಾಂಸಕ್ಕೆ ಬೇಡ. ಅದಕ್ಕಿಂತ ಹೆಚ್ಚು ಬೇಯಿಸಿದರೆ ಕೊಬ್ಬಿಲ್ಲದ ಈ ಮಾಂಸ ಒಣಗುತ್ತದೆ. ತೆಗೆದ ಮೇಲೆ ಹತ್ತು ನಿಮಿಷ ಮುಟ್ಟಬೇಡಿ. ಬಿಸಿಯಲ್ಲೇ ಕೊಯ್ದರೆ ರಸವೆಲ್ಲ ಹಲಗೆಯ ಪಾಲು.

ಕೊಯ್ಯುವುದರಲ್ಲೇ ಅರ್ಧ ರುಚಿ ಇದೆ. ತುಂಡನ್ನು ದಿಟ್ಟಿಸಿ ನೋಡಿದರೆ ಎಳೆಗಳು ಯಾವ ಕಡೆ ಹರಿದಿವೆ ಎಂದು ಕಾಣುತ್ತದೆ. ಅದಕ್ಕೆ ಅಡ್ಡವಾಗಿ, ಚೂರಿಯನ್ನು ತುಸು ಓರೆಯಾಗಿ ಹಿಡಿದು ಆದಷ್ಟು ತೆಳ್ಳಗೆ ಕೊಯ್ಯಿರಿ. ಉದ್ದ ಎಳೆಗಳನ್ನು ಚೂರಿಯೇ ತುಂಡರಿಸಿದರೆ ಹಲ್ಲಿಗೆ ಕೆಲಸ ಕಡಿಮೆ. ದಪ್ಪ ತುಂಡನ್ನು ಇಡಿಯಾಗಿ ಬ್ರೆಡ್ಡಿನೊಳಗಿಟ್ಟರೆ ಮೊದಲ ಕಡಿತಕ್ಕೇ ಮಾಂಸವೆಲ್ಲ ಎಳೆದು ಬಂದು, ಕೈಯಲ್ಲಿ ಖಾಲಿ ಬ್ರೆಡ್ಡು ಉಳಿಯುತ್ತದೆ.

ಅಷ್ಟರಲ್ಲಿ ಅದೇ ಕಾವಲಿಯಲ್ಲಿ ಎರಡು ದೊಡ್ಡ ನೀರುಳ್ಳಿ ಬಾಡಿಸಿ. ತಳಕ್ಕೆ ಹಿಡಿದ ಕಂದು ಅಂಟನ್ನು ಒಂದು ಚಮಚ ವಿನೆಗರ್ ಹಾಕಿ ಕೆರೆದು ನೀರುಳ್ಳಿಗೆ ಸೇರಿಸಿ. ನಾನು ಇದಕ್ಕೆ ಅರ್ಧ ಚಮಚ ಬಾಟಲ್ ಮಸಾಲೆ ಹಾಕುತ್ತೇನೆ. ಇಲ್ಲೇ ಅಂಬೋಲಿಯ ಈಸ್ಟ್ ಇಂಡಿಯನ್ ಕ್ರೈಸ್ತರ ಮನೆಗಳಲ್ಲಿ ಮಳೆಗಾಲಕ್ಕೆ ಮುಂಚೆ ಮೆಣಸು, ಸಂಬಾರ ಪದಾರ್ಥಗಳನ್ನು ಹುರಿದು ಕುಟ್ಟಿ, ಗಾಳಿ ಆಡದಂತೆ ಬಿಯರ್ ಬಾಟ್ಲಿಗಳಲ್ಲಿ ಅದುಮಿ ತುಂಬುವ ಮಸಾಲೆ ಅದು. ನಮ್ಮ ಮನೆಯವಳಿಗೆ ಇದು ಸರಿ ಕಾಣುವುದಿಲ್ಲ. ಊರಿನ ಬಫಾತ್ ಪುಡಿ ಇರುವಾಗ ಇನ್ನೊಬ್ಬರ ಮಸಾಲೆ ಯಾಕೆ ಎಂಬುದು ಅವಳ ವಾದ. ಬಫಾತ್ ಹಾಕಿಯೂ ನೋಡಿ, ಕೆಟ್ಟದಾಗುವುದಿಲ್ಲ.

ಬ್ರೆಡ್ಡು ಮಾತ್ರ ಕಡಕ್ ಪಾವೇ ಆಗಬೇಕು. ಬ್ರುನ್ ಎಂದರೂ ಅದೇ. ವಡಾಪಾವಿನ ಲಾದಿ ಪಾವ್ ಮಾಂಸದ ರಸ ಕುಡಿದು ಮುದ್ದೆಯಾಗುತ್ತದೆ. ಕಡಕ್ ಪಾವಿನ ಹೊರಗೆ ಗಟ್ಟಿ ಸಿಪ್ಪೆ, ಒಳಗೆ ಹತ್ತಿ. ರಸ ಒಳಗೇ ನಿಲ್ಲುತ್ತದೆ. ಸೌದೆ ಒಲೆಯ ಪಾವು ಇನ್ನು ಎಷ್ಟು ದಿನವೋ. ಹೊಗೆ ಕಡಿಮೆ ಮಾಡಬೇಕೆಂದು 2025ರ ಜನವರಿಯಲ್ಲಿ ಬಾಂಬೆ ಹೈಕೋರ್ಟು ನಗರದ ಬೇಕರಿಗಳು ಆರು ತಿಂಗಳೊಳಗೆ ಸೌದೆ, ಇದ್ದಿಲು ಬಿಡಬೇಕೆಂದಿತು. ಇಲ್ಲಿನ ಗಾಳಿ ಉಸಿರಾಡುವ ನಾನು ಅದನ್ನು ಬೈಯಲಾರೆ. ಗ್ಯಾಸ್ ಒಲೆಯ ಪಾವೂ ಆದೀತು, ಸಿಪ್ಪೆ ಗಟ್ಟಿಯಿದ್ದರೆ ಸರಿ.

ಪಾವನ್ನು ಸೀಳಿ ಕಾವಲಿಯಲ್ಲಿ ಒಳಬದಿ ಕಾಯಿಸಿ, ಅಂಚಿನವರೆಗೂ ಬೆಣ್ಣೆ ಬಳಿಯಿರಿ. ಅದರ ಮೇಲೆ ರಸ್ತೆಬದಿಯ ಸ್ಯಾಂಡ್‌ವಿಚ್‌ವಾಲಾ ಹಚ್ಚುವಂಥದೇ ಕೊತ್ತಂಬರಿ ಸೊಪ್ಪು, ಹಸಿಮೆಣಸಿನ ಚಟ್ನಿ, ತುಸು ಗಟ್ಟಿಯಾಗಿ. ಆಮೇಲೆ ಬೇಯಿಸಿದ ಬಟಾಟೆಯ ಬಿಲ್ಲೆ ಎರಡು. ಹೊಟ್ಟೆ ತುಂಬಿಸುವುದೂ ಅದೇ, ಸೋರಿದ ರಸ ಹಿಡಿಯುವುದೂ ಅದೇ. ಮೇಲೆ ಮಾಂಸ, ನೀರುಳ್ಳಿ. ಚೀಸು ಬೇಕೆಂದು ಮೊಮ್ಮಗ ಹಟ ಮಾಡುತ್ತಾನೆ, ಅವನದಕ್ಕೆ ಮಾತ್ರ ಹಾಕುತ್ತೇನೆ. ಮುಚ್ಚಿ ಅಂಗೈಯಿಂದ ಒಮ್ಮೆ ಒತ್ತಿ ಅರ್ಧಕ್ಕೆ ಕತ್ತರಿಸಿ.

ಮೇಲಿನ ಮಹಡಿಯ ಸಸ್ಯಾಹಾರಿ ಶೆಟ್ಟರಿಗೆ ಇದೇ ಸ್ಯಾಂಡ್‌ವಿಚ್ಚನ್ನು ಸುವರ್ಣಗಡ್ಡೆಯಲ್ಲಿ ಮಾಡಿಕೊಟ್ಟದ್ದುಂಟು. ಬೆರಳು ದಪ್ಪದ ಬಿಲ್ಲೆಗಳನ್ನು ತುರಿಕೆ ಹೋಗುವಂತೆ ಹುಣಸೆಹುಳಿ ನೀರಿನಲ್ಲಿ ಮುಕ್ಕಾಲು ಬೇಯಿಸಿ, ಒರೆಸಿ, ಮೆಣಸು ಹಚ್ಚಿ ಬೆಣ್ಣೆಯಲ್ಲಿ ಕೆಂಪಗೆ ಹುರಿಯಬೇಕು. ಅದಕ್ಕೆ ಬೇರೆ ಕಾವಲಿ ಇಟ್ಟಿದ್ದೇನೆ. ಶೆಟ್ಟರು ಮೊದಲು ಕೇಳಿದ ಪ್ರಶ್ನೆಯೇ ಅದು.