ಚಾನೆಲ್‌ಗೆ ಬಾಟ್ ಬಂತು, ಕಿವಿ ಎಷ್ಟು ದೂರ?

ಪುಣೆಯ ಹಿಂಜೆವಾಡಿ ಇರಲಿ, ಹೈದರಾಬಾದಿನ ಗಚ್ಚಿಬೌಲಿ ಇರಲಿ, ನಮ್ಮಂಥವರ ಕೆಲಸದ ಮಾತೆಲ್ಲ ಈಗ ಸ್ಲ್ಯಾಕ್‌ನಲ್ಲೋ ಮೈಕ್ರೊಸಾಫ್ಟ್ ಟೀಮ್ಸ್‌ನಲ್ಲೋ ನಡೆಯುತ್ತದೆ. ಮ್ಯಾನೇಜರ್ ಪಕ್ಕದ ಸೀಟಿನಲ್ಲೇ ಕೂತಿದ್ದರೂ ಮಾತು ಚಾಟ್‌ನಲ್ಲೇ. 2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ‘ಇಂಥದ್ದೊಂದನ್ನು ನಮ್ಮ ಚಾನೆಲ್‌ಗೇ ಜೋಡಿಸಿಬಿಟ್ಟರೆ ಹೇಗೆ?’ ಎಂಬ ಪ್ರಶ್ನೆ ಕೇಳದ ತಂಡವಿಲ್ಲ. ಕೆಲಸ ಬೀಳುವುದು ಸಾಮಾನ್ಯವಾಗಿ ತಂಡದ ಕಿರಿಯ ಎಂಜಿನಿಯರ್ ತಲೆಗೆ. ನಮ್ಮಲ್ಲಿ ಬಿದ್ದದ್ದು ಹುಬ್ಬಳ್ಳಿಯ ಹುಡುಗನೊಬ್ಬನ ಮೇಲೆ.

ಜೋಡಿಸುವುದು ಬ್ರಹ್ಮವಿದ್ಯೆಯೇನಲ್ಲ. ಸ್ಲ್ಯಾಕ್‌ನಲ್ಲಿ ಒಂದು ಆ್ಯಪ್ ಸೃಷ್ಟಿಸಿ, ಅದಕ್ಕೆ ಬೇಕಾದ ಅನುಮತಿಗಳನ್ನು ಕೊಟ್ಟು, ಟೋಕನ್ ಪಡೆಯಬೇಕು. ಯಾರಾದರೂ ಬಾಟ್‌ನ ಹೆಸರು ಹಿಡಿದು ಕರೆದಾಗ ಸ್ಲ್ಯಾಕ್ ಆ ಸಂದೇಶವನ್ನು ನಾವು ಬರೆದ ಪುಟ್ಟ ಪ್ರೋಗ್ರಾಂಗೆ ಕಳಿಸುತ್ತದೆ. ಪ್ರೋಗ್ರಾಂ ಅದನ್ನು ಎಐ ಕಂಪನಿಯ ಸರ್ವರ್‌ಗೆ ದಾಟಿಸಿ, ಬಂದ ಉತ್ತರವನ್ನು ಅದೇ ಥ್ರೆಡ್‌ನಲ್ಲಿ ಹಾಕುತ್ತದೆ. ಮಧ್ಯದಲ್ಲಿ ನಿಂತ ಅಂಚೆಯಣ್ಣ ಅಷ್ಟೇ.

ಎರಡನೇ ದಿನವೇ ಹುಡುಗ ಬಂದು ನಿಂತ: ‘ಸರ, ಒಂದ್ ಪ್ರಶ್ನೆ ಕೇಳಿದ್ರ ಮೂರ್ ಮೂರ್ ಉತ್ತರ ಬರಾಕತ್ತಾವ್ರೀ.’ ಈ ಕೆಲಸಕ್ಕೆ ಕೈಹಾಕಿದವರಿಗೆಲ್ಲ ಇದು ಎದುರಾಗುತ್ತದೆ. ಸಂದೇಶ ತಲುಪಿತೆಂದು ನಮ್ಮ ಪ್ರೋಗ್ರಾಂ 3 ಸೆಕೆಂಡಿನೊಳಗೆ ಹೇಳಬೇಕು ಎಂಬುದು ಸ್ಲ್ಯಾಕ್‌ನ ನಿಯಮ. ಹೇಳದಿದ್ದರೆ ತಲುಪಿಲ್ಲವೆಂದು ಭಾವಿಸಿ ಅದು ಮತ್ತೆ ಕಳಿಸುತ್ತದೆ, ಹೀಗೆ 3 ಸಲದವರೆಗೆ. ಎಐ ಯೋಚಿಸಿ ಉತ್ತರಿಸಲು 10 ಸೆಕೆಂಡ್ ತೆಗೆದುಕೊಂಡರೆ ಕಥೆ ಮುಗಿಯಿತು. ಪ್ರತಿ ಮರುಕಳಿಕೆಗೂ ಒಂದು ಹೊಸ ಉತ್ತರ, ಪ್ರತಿ ಉತ್ತರಕ್ಕೂ ಬಿಲ್. ಮೊದಲು ‘ತಲುಪಿತು’ ಎಂದು ಹೇಳಿ, ಆಮೇಲೆ ನಿಧಾನವಾಗಿ ಉತ್ತರ ಹಾಕುವುದೇ ಮದ್ದು. ಬಾಟ್ ತನ್ನದೇ ಸಂದೇಶಕ್ಕೆ ತಾನೇ ಉತ್ತರಿಸುತ್ತ ಕೂರದಂತೆಯೂ ನೋಡಿಕೊಳ್ಳಬೇಕು.

ಇವೆಲ್ಲ ಒಂದು ವಾರದಲ್ಲಿ ಸರಿಹೋಗುವ ರಗಳೆಗಳು. ಅದು ಹೇಳುವ ಉತ್ತರದ ಕಥೆ ಬೇರೆ.

ಬೆಂಗಳೂರಿನಲ್ಲಿ ಮುಖ್ಯ ಕಚೇರಿ, ಪುಣೆಯಲ್ಲಿ ಶಾಖೆ ಇರುವ ಕಂಪನಿ ಎಂದುಕೊಳ್ಳಿ. ‘ನವೆಂಬರ್ 1ಕ್ಕೆ ರಜೆ ಇದೆಯಾ?’ ಎಂದು ಕೇಳಿದರೆ ಬಾಟ್ ‘ಇದೆ, ಕನ್ನಡ ರಾಜ್ಯೋತ್ಸವ’ ಎಂದು ಆತ್ಮವಿಶ್ವಾಸದಿಂದ ಹೇಳಬಹುದು. ಪುಣೆಯ ರಜಾಪಟ್ಟಿಯಲ್ಲಿ ಇರುವುದು ಮೇ 1ರ ಮಹಾರಾಷ್ಟ್ರ ದಿನ! ಭಾಷಾ ಮಾದರಿಗೆ ಲೋಕಜ್ಞಾನವಿದೆ, ನಮ್ಮ ಕಂಪನಿಯ ಜ್ಞಾನವಿಲ್ಲ. ಪ್ರಶ್ನೆಗೆ ಸಂಬಂಧಿಸಿದ ಕಡತವನ್ನು ಹುಡುಕಿ ಪ್ರಶ್ನೆಯ ಜೊತೆಗೇ ಕಳಿಸಬೇಕು, ‘ಇದರಲ್ಲಿ ಇಲ್ಲದಿದ್ದರೆ ಗೊತ್ತಿಲ್ಲ ಎನ್ನು’ ಎಂದು ತಾಕೀತನ್ನೂ ಮಾಡಬೇಕು. ಹಾಗೆ ಮಾಡಿದರೂ ನೂರಕ್ಕೆ ನೂರು ಭರವಸೆಯಿಲ್ಲ. ಆದ್ದರಿಂದ ಯಾವ ಕಡತದಿಂದ ಉತ್ತರ ಬಂತೆಂದು ಕೊಂಡಿ ತೋರಿಸದ ಬಾಟ್ ಅನ್ನು ನಾನಂತೂ ರಜೆ, ಸಂಬಳದ ವಿಷಯಕ್ಕೆ ನಂಬುವುದಿಲ್ಲ.

ಕಡತ ಕೊಟ್ಟ ಕೂಡಲೇ ಇನ್ನೊಂದು ಗಂಟು. ಎಚ್‌ಆರ್‌ನವರ ಖಾಸಗಿ ಚಾನೆಲ್‌ಗೂ ಎಲ್ಲರ ಚಾನೆಲ್‌ಗೂ ಒಂದೇ ಬಾಟ್, ಒಂದೇ ಕಡತಸಂಗ್ರಹ ಎಂದಾದರೆ, ಸಂಬಳ ಪರಿಷ್ಕರಣೆಯ ಕರಡು ಮೊನ್ನೆ ಸೇರಿದ ಹುಡುಗನ ಪ್ರಶ್ನೆಗೆ ಉತ್ತರವಾಗಿ ಹೊರಬರಬಹುದು. ಹುಡುಕಾಟ ನಡೆಯಬೇಕಾದದ್ದು ಬಾಟ್‌ನ ಅನುಮತಿಯ ಮೇಲಲ್ಲ, ಪ್ರಶ್ನೆ ಕೇಳಿದವರ ಅನುಮತಿಯ ಮೇಲೆ. ಕರೆದಾಗ ಮಾತ್ರ ಕೇಳಿಸಿಕೊಳ್ಳುವ ಅನುಮತಿಯೇ ಬೇರೆ, ಚಾನೆಲ್‌ನ ಹಳೆಯ ಮಾತನ್ನೆಲ್ಲ ಓದುವ ಅನುಮತಿಯೇ ಬೇರೆ. ಮೊದಲನೆಯದರಲ್ಲೇ ಕೆಲಸ ಆಗುವಾಗ ಎರಡನೆಯದನ್ನು ‘ಇರಲಿ’ ಎಂದು ಟಿಕ್ ಮಾಡುವವರೇ ಹೆಚ್ಚು.

ಹೊರಗೆ ಹೋಗುವ ಮಾತಿನ ಆತಂಕವೂ ಹೊಸತಲ್ಲ. ಉದ್ಯೋಗಿಗಳು ಚಾಟ್‌ಜಿಪಿಟಿಗೆ ಕೋಡ್ ಹಾಕಿದ್ದು ಗೊತ್ತಾಗಿ ಸ್ಯಾಮ್‌ಸಂಗ್ 2023ರಲ್ಲಿ ಇಂಥ ಸಾಧನಗಳಿಗೆ ಕಡಿವಾಣ ಹಾಕಿತು. ಕಚೇರಿ ಕಂಪ್ಯೂಟರ್‌ಗಳಲ್ಲಿ ಚಾಟ್‌ಜಿಪಿಟಿ, ಡೀಪ್‌ಸೀಕ್ ಬಳಸಬೇಡಿ ಎಂದು ನಮ್ಮ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ಸಿಬ್ಬಂದಿಗೆ ಸೂಚಿಸಿತು. ಯಾರೋ ಒಬ್ಬರ ಸ್ವಂತ ಖಾತೆಯ ಕೀಲಿಯಿಂದ ಇಡೀ ತಂಡದ ಬಾಟ್ ಓಡಿಸುವುದನ್ನು ಕಂಡಾಗಲೆಲ್ಲ ನನಗೆ ದಿಗಿಲು. ಕಂಪನಿಯ ಒಪ್ಪಂದವಿಲ್ಲದ ಖಾತೆ ಅದು, ಏನಾದರೂ ಹೆಚ್ಚುಕಮ್ಮಿಯಾದರೆ ಕೊರಳಿಗೆ ಬರುವುದು ಆ ಹುಡುಗನಿಗೆ.

ಇಷ್ಟಾಗಿಯೂ ಯಾರೂ ಮಾತಾಡದ ಸಂಗತಿ ಲಾಗ್‌ನದು. ಬಾಟ್‌ಗೆ ನೇರ ಸಂದೇಶದಲ್ಲಿ ಜನ ಕೇಳುವುದನ್ನು ಎಚ್‌ಆರ್‌ಗೆ ಕೇಳುವುದಿಲ್ಲ. ನೋಟಿಸ್ ಪೀರಿಯಡ್ ಎಷ್ಟು ದಿನ? ಅಪ್ಪನಿಗೆ ಆಪರೇಷನ್, ಒಂದು ತಿಂಗಳು ಊರಿಂದಲೇ ಕೆಲಸ ಮಾಡಬಹುದಾ? ಮನೆಯಿಂದ ದೂರವಿರುವ ನಮಗೆ ಇವೇ ದೊಡ್ಡ ಪ್ರಶ್ನೆಗಳು. ರಾತ್ರಿ ಹನ್ನೊಂದಕ್ಕೆ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಟೈಪಿಸಿ ಕೇಳುತ್ತೇವೆ. (ಅದು ಬಹುಪಾಲು ಅರ್ಥವಾಗುತ್ತದೆ ಕೂಡ.) ದೋಷ ಹುಡುಕಲೆಂದು ಪ್ರೋಗ್ರಾಂ ಪ್ರತಿ ಪ್ರಶ್ನೆಯನ್ನೂ ಹೆಸರಿನ ಸಮೇತ ಬರೆದಿಡುತ್ತದೆ. ಸರ್ವರ್‌ಗೆ ಪ್ರವೇಶ ಇರುವವರೆಲ್ಲ ಓದಬಹುದು.

ನಮ್ಮ ಹುಡುಗ ಹೆಸರುಗಳನ್ನು ತೆಗೆದುಹಾಕಿ, ಪ್ರಶ್ನೆಗಳು 30 ದಿನಕ್ಕೆ ಅಳಿಯುವಂತೆ ಮಾಡಿದ. ಆಮೇಲೆ ಯಾರೂ ಹೇಳದಿದ್ದರೂ ಚಾನೆಲ್‌ನ ತಲೆಯ ಮೇಲೆ ಒಂದು ಸಂದೇಶ ಪಿನ್ ಮಾಡಿದ: ಬಾಟ್ ಏನನ್ನು ಓದುತ್ತದೆ, ಏನನ್ನು ಉಳಿಸುತ್ತದೆ, ಎಷ್ಟು ದಿನ, ಯಾರು ನೋಡಬಲ್ಲರು. ನಾಲ್ಕೇ ಸಾಲು. ಆ ವಾರದಿಂದ ನೋಟಿಸ್ ಪೀರಿಯಡ್ ಬಗ್ಗೆ ಬಾಟ್‌ಗೆ ಬರುತ್ತಿದ್ದ ಪ್ರಶ್ನೆಗಳು ನಿಂತುಹೋದವು.