ಹಾಲುಹಲ್ಲಿನ ಅಕಾಲಪತನ ಮತ್ತು ಮಕ್ಕಳ ಜೀವನ

ಬಿದ್ದ ಹಾಲುಹಲ್ಲನ್ನು ಸೆಗಣಿಯುಂಡೆಯಲ್ಲಿಟ್ಟು ಮನೆಯ ಮಾಡಿನ ಮೇಲಕ್ಕೆಸೆಯುವ ಪದ್ಧತಿ ನಮ್ಮ ನಾಡಿನಲ್ಲುಂಟು. ಹಳೆಯದು ಹೋಗಿ ಹೊಸದು ಬರುವುದೆಂಬ ನಂಬಿಕೆ ಇದರ ಹಿಂದಿದೆ. ಸಕಾಲದಲ್ಲಿ ಬಿದ್ದ ಹಲ್ಲಿನ ವಿಷಯದಲ್ಲಿ ಇದು ಸತ್ಯವೇ ಸರಿ. ಆದರೆ ಹುಳುಕಿನಿಂದಲೋ ಪೆಟ್ಟಿನಿಂದಲೋ ಅಕಾಲದಲ್ಲಿ ಕಳೆದುಹೋದ ಹಲ್ಲಿಗೂ ಇದೇ ಸಮಾಧಾನವನ್ನು ಹೇಳಿಕೊಳ್ಳುವುದು ಉಚಿತವೆ?

ಹಾಲುಹಲ್ಲುಗಳು ಒಟ್ಟು 20. ಆರನೆಯ ತಿಂಗಳ ಸುಮಾರಿಗೆ ಮೂಡತೊಡಗಿ 3 ವರ್ಷದ ಹೊತ್ತಿಗೆ ಪೂರ್ಣಗೊಳ್ಳುವ ಇವು, ಸಾಮಾನ್ಯವಾಗಿ 6ರಿಂದ 12ನೆಯ ವಯಸ್ಸಿನವರೆಗೆ ಕ್ರಮವಾಗಿ ಉದುರುತ್ತವೆ. ಆಹಾರವನ್ನು ಅಗಿಯುವುದಲ್ಲದೆ, ಮುಂದೆ ಬರಲಿರುವ ಶಾಶ್ವತ ಹಲ್ಲಿಗೆ ಸ್ಥಳವನ್ನು ಕಾಯ್ದಿರಿಸುವುದೂ ಇವುಗಳ ಕಾರ್ಯ. ಆರನೆಯ ವರ್ಷದ ಸುಮಾರಿಗೆ ಮೊದಲ ಶಾಶ್ವತ ದವಡೆಹಲ್ಲು ಕೊನೆಯ ಹಾಲುಹಲ್ಲಿನ ಹಿಂದೆ ಮೂಡುತ್ತದೆ. ಆ ಹಾಲುಹಲ್ಲು ಮೊದಲೇ ಹೋಗಿದ್ದರೆ ಶಾಶ್ವತ ಹಲ್ಲು ತೆರವಾದ ಜಾಗಕ್ಕೆ ಸರಿಯುತ್ತದೆ. ಆದುದರಿಂದ 10-12ನೆಯ ವಯಸ್ಸಿನಲ್ಲಿ ಅಲ್ಲಿ ಬರಬೇಕಾದ ಹಲ್ಲು ಎಡೆಯಿಲ್ಲದೆ ವಕ್ರವಾಗಿ ಹುಟ್ಟಬಹುದು. ಇಲ್ಲವೆ ದವಡೆಯೊಳಗೇ ಉಳಿಯಬಹುದು. ಮುಂದಿನ ಬಾಚಿಹಲ್ಲುಗಳು ಹೋದರೆ ತೊಂದರೆ ಬೇರೆ ಬಗೆಯದು: ಸಕಾರದಂತಹ ಧ್ವನಿಗಳು ಕೆಲಕಾಲ ಅಸ್ಪಷ್ಟವಾಗಬಹುದು, ಮಗು ನಗಲು ಸಂಕೋಚಪಡಬಹುದು.

ಈ ಸಮಸ್ಯೆಯನ್ನು ಸಮಾಜವು ಕಂಡ ಬಗೆಯೂ ವಿಚಾರಾರ್ಹ. ಮೊದಲ ಮಹಾಯುದ್ಧದ ಕಾಲದಲ್ಲಿ ನ್ಯೂಜಿಲೆಂಡಿನ ಸೈನ್ಯಕ್ಕೆ ಸೇರಬಂದ ತರುಣರ ಹಲ್ಲುಗಳ ದುಃಸ್ಥಿತಿ ಸರ್ಕಾರವನ್ನು ಎಚ್ಚರಿಸಿತು. ಥಾಮಸ್ ಹಂಟರರ ನೇತೃತ್ವದಲ್ಲಿ 1921ರಲ್ಲಿ ವೆಲಿಂಗ್ಟನ್ನಿನಲ್ಲಿ ಯುವತಿಯರಿಗೆ ದಂತದಾದಿಯರ ಶಿಕ್ಷಣ ಆರಂಭವಾಯಿತು. ಶಾಲೆಗಳಲ್ಲಿಯೇ ಮಕ್ಕಳ ಹಲ್ಲುಗಳಿಗೆ ಚಿಕಿತ್ಸೆ ದೊರೆಯತೊಡಗಿತು. ಯೋಜನೆ ಉಪಯುಕ್ತವೇ, ಆದರೂ ಮಕ್ಕಳ ಬಾಯಲ್ಲಿ ಆ ಚಿಕಿತ್ಸಾಲಯಕ್ಕೆ ನಿಂತ ಹೆಸರು ‘ಕೊಲೆಮನೆ’! ತುಂಬಿಸಿದ ಹಲ್ಲುಗಳೆಷ್ಟು, ಕಿತ್ತವೆಷ್ಟು ಎಂಬ ಲೆಕ್ಕದಲ್ಲಿ ಮಗುವಿನ ಅನುಭವಕ್ಕೆ ಸ್ಥಾನವಿರಲಿಲ್ಲವೆಂಬುದನ್ನು ಈ ಹೆಸರೊಂದೇ ಸೂಚಿಸುತ್ತದೆ.

ಆ ಕೊರತೆಯನ್ನು ನೀಗಿಸುವ ಪ್ರಯತ್ನ ಈಚಿನದು. 2007ರಲ್ಲಿ ಅಮೆರಿಕದ ವಿದ್ವಾಂಸರು ಎಳೆಯ ಮಕ್ಕಳ ಬಾಯಿಯ ಆರೋಗ್ಯವು ಅವರ ಜೀವನದ ಮೇಲೆ ಬೀರುವ ಪರಿಣಾಮವನ್ನು ಅಳೆಯಲು 13 ಪ್ರಶ್ನೆಗಳ ಮಾಪಕವೊಂದನ್ನು ಪ್ರಕಟಿಸಿದರು. ನೋವು, ಊಟ, ಉಚ್ಚಾರಣೆ, ನಿದ್ರೆ, ಶಾಲೆಗೆ ಗೈರುಹಾಜರಿ, ನಗಲು ಹಿಂಜರಿಕೆ ಇವು ಮಗುವಿಗೆ ಸಂಬಂಧಿಸಿದ ಪ್ರಶ್ನೆಗಳಲ್ಲಿ ಕೆಲವು. ತಂದೆತಾಯಿಗಳ ಮನಃಕ್ಲೇಶ, ಕೆಲಸಕ್ಕೆ ರಜೆ, ಹಣದ ಹೊರೆ ಇವುಗಳನ್ನೂ ಅದು ಕೇಳುತ್ತದೆ.

ಇಲ್ಲೊಂದು ವಿವೇಚನೆ ಅವಶ್ಯಕ. ರಾತ್ರಿಯೆಲ್ಲ ನೋಯುವ ಹುಳುಕು ಹಲ್ಲನ್ನು ಕಿತ್ತಾಗ ಮಗುವಿಗೆ ನಿದ್ರೆಯೂ ಊಟದ ರುಚಿಯೂ ಮರಳುತ್ತವೆ. ಆದ್ದರಿಂದ ಹಲ್ಲು ಹೋದುದರ ಕಷ್ಟವನ್ನೂ ಹೋಗುವ ಮುನ್ನ ಪಟ್ಟ ಕಷ್ಟವನ್ನೂ ಒಂದೇ ಎಂದೆಣಿಸಲಾಗದು. ಕಿತ್ತ ಮೇಲೆ, ಅಗತ್ಯವಿದ್ದಲ್ಲಿ, ಜಾಗವನ್ನು ಕಾಯುವ ತಂತಿಯ ಸಾಧನವನ್ನು ವೈದ್ಯರು ಅಳವಡಿಸುತ್ತಾರೆ. ಆದರೆ ಹುಳುಕನ್ನು ಆರಂಭದಲ್ಲಿಯೇ ತಡೆಯುವುದು ಇದಕ್ಕಿಂತ ಮೇಲು. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿಯ ಪ್ರಕಾರ ಜಗತ್ತಿನ ಸುಮಾರು 51.4 ಕೋಟಿ ಮಕ್ಕಳ ಹಾಲುಹಲ್ಲುಗಳಲ್ಲಿ ಹುಳುಕಿದೆ. ಹೇಗೂ ಬೀಳುವ ಹಲ್ಲೆಂದು ಉದಾಸೀನ ಮಾಡುವವರು, ಅದು ಬೀಳುವವರೆಗಿನ ವರ್ಷಗಳೂ ಆ ಮಗುವಿನ ಜೀವಿತದ ಭಾಗವೆಂಬುದನ್ನು ಗಮನಿಸಬೇಕು.