ಅಂಗೈ ಪರದೆಯ ಕೆಂಪು ಚೆಂಡು

ಶಹಾಪುರದಲ್ಲಿ ಈಗಲೂ ಕೀಪ್ಯಾಡ್ ಸೆಟ್ಟಿಗೆ ಗಿರಾಕಿಗಳಿದ್ದಾರೆ. ಹೆಚ್ಚಿನವರು ಹೊಲಮನೆ ನೋಡಿಕೊಳ್ಳುವ ಹಿರಿಯರು. ಅವರು ಕೇಳುವುದು ಟಾರ್ಚು, ಜೋರಾದ ರಿಂಗು, ಎರಡು ಮೂರು ದಿನ ತಡೆಯುವ ಚಾರ್ಜು. ಇವತ್ತಿನ ಹುಡುಗರು ಅದನ್ನು ಡಬ್ಬಾ ಫೋನು ಎಂದು ನಗುತ್ತಾರೆ. ಆದರೆ ಸ್ಮಾರ್ಟ್‌ಫೋನು ಮನೆಮನೆಗೆ ಬರುವ ಮೊದಲಿನ ವರ್ಷಗಳಲ್ಲಿ ಶಹಾಪುರ, ಸುರಪುರ ಕಡೆಯ ಎಷ್ಟೋ ಮಕ್ಕಳು ಮೊದಲ ವಿಡಿಯೋ ಗೇಮ್ ಆಡಿದ್ದು ಇಂಥ ಡಬ್ಬಾ ಫೋನಿನಲ್ಲೇ. ಅಪ್ಪನೋ ಕಾಕಾನೋ ಹೊಲದಿಂದ ಬರುವುದನ್ನೇ ಕಾಯ್ದು, "ಕಾಕಾ, ಒಂದ್ ಸಲ ಕೊಡ್ರಿ, ಆಡಿ ಕೊಡ್ತೀನ್ರಿ" ಎಂದು ಗೋಗರೆದು ಇಸಿದುಕೊಂಡ ಫೋನದು. ಅದರೊಳಗೆ ಹಾವಿನ ಆಟ ಇರುತ್ತಿತ್ತು. ಅದೃಷ್ಟವಿದ್ದರೆ ಕೆಂಪು ಚೆಂಡಿನ 'ಬೌನ್ಸ್' ಕೂಡ ಇರುತ್ತಿತ್ತು.

ಬೌನ್ಸ್ ಪ್ಲಾಟ್‌ಫಾರ್ಮ್ ಆಟಗಳ ಜಾತಿಗೆ ಸೇರಿದ್ದು. ಪರದೆಯ ಮೇಲೆ ಕಟ್ಟೆ, ಮೆಟ್ಟಿಲು, ಹಳ್ಳಗಳಿರುತ್ತವೆ. ನಮ್ಮ ಕೈಗೊಂಬೆ ಒಂದು ಕಟ್ಟೆಯಿಂದ ಇನ್ನೊಂದಕ್ಕೆ ಜಿಗಿಯುತ್ತ ಬಾಗಿಲು ಮುಟ್ಟಬೇಕು. ಈ ಜಾತಿಯ ಆಟಕ್ಕೆ ಹೆಸರು ತಂದುಕೊಟ್ಟದ್ದು ಜಪಾನಿನ ನಿಂಟೆಂಡೊ ಕಂಪನಿಯ 'ಡಾಂಕಿ ಕಾಂಗ್' (1981). ಮರುವರ್ಷವೇ ಅದನ್ನು ಅಂಗೈಯಗಲದ, ಎರಡು ಪರದೆಯ ಪೆಟ್ಟಿಗೆಗೆ ಇಳಿಸಿದರು. ಇಳಿಸುವಾಗ ಎಂಜಿನಿಯರ್ ಗುನ್ಪೇ ಯೊಕೊಯಿ ಎಡ-ಬಲ-ಮೇಲೆ-ಕೆಳಗೆ ನಾಲ್ಕನ್ನೂ ಒಂದೇ ಹೆಬ್ಬೆರಳಿಗೆ ಒಪ್ಪಿಸುವ ಅಧಿಕ ಚಿಹ್ನೆಯಾಕಾರದ ಗುಂಡಿ ಮಾಡಿದ. ಆಮೇಲಿನ ಕೈಯಾಟದ ಯಂತ್ರಗಳೆಲ್ಲ ಈ ಗುಂಡಿಯ ಋಣದಲ್ಲಿವೆ.

ನಿಂಟೆಂಡೊ ಆಟಗಳ ನಾಯಕ ಮಾರಿಯೋ ನಮ್ಮಲ್ಲಿಗೆ ಮೊದಲು ಬಂದದ್ದು ಟಿವಿ ಗೇಮ್ ರೂಪದಲ್ಲಿ. ಕ್ಯಾಸೆಟ್ ಸಿಕ್ಕಿಸಿ ಆಡುವ ನಕಲಿ ಪೆಟ್ಟಿಗೆಗಳವು. ಆಡಲು ಟಿವಿ ಬೇಕು, ಕರೆಂಟು ಬೇಕು, ಧಾರಾವಾಹಿಯ ಹೊತ್ತಿನಲ್ಲಿ ಟಿವಿ ಬಿಟ್ಟುಕೊಡುವ ಮನೆಯವರೂ ಬೇಕು. ಬೇಸಿಗೆ ರಜೆಯ ಮಧ್ಯಾಹ್ನ ಕರೆಂಟು ಹೋದರೆ ಆಟವೂ ಹೋಯಿತು. ಜಾತ್ರೆಯ ಅಂಗಡಿಗಳಲ್ಲಿ ಸಿಗುತ್ತಿದ್ದ ಬ್ರಿಕ್ ಗೇಮಿಗೆ ಸೆಲ್ ಸಾಕಾಗಿತ್ತು. ಆದರೆ ಅದರ ಪರದೆ ಅಡ್ಡಕ್ಕೆ 10, ಉದ್ದಕ್ಕೆ 20 ಚೌಕಗಳ ಮಣೆ. ಇಟ್ಟಿಗೆ ಜೋಡಿಸಲು, ಕಾರು ಓಡಿಸಲು ಅಷ್ಟು ಸಾಕು. ಚೌಕದಿಂದ ಚೌಕಕ್ಕೆ ಹಾರುವ ಗುರುತಿಗೆ ಜಿಗಿತದ ಕಮಾನು ಬರೆಯಲಾಗದು. ಪೆಟ್ಟಿಗೆಯ ಮೇಲೆ '9999 ಇನ್ 1' ಎಂದು ಬರೆದಿದ್ದರೂ ಒಳಗಿದ್ದವು ಬೆರಳೆಣಿಕೆಯ ಆಟಗಳು. ಉಳಿದದ್ದು ಅವುಗಳದೇ ವೇಗ ಬದಲಿಸಿದ ರೂಪ.

ಕೈಯಲ್ಲಿ ಹಿಡಿಯುವ ಪ್ಲಾಟ್‌ಫಾರ್ಮ್ ಆಟದ ಗುಣದೋಷಗಳನ್ನು ನೋಡಬೇಕೆಂದರೆ ಅದರ ಮೂಲಮಾದರಿಗೇ ಹೋಗಬೇಕು. 1989ರಲ್ಲಿ ನಿಂಟೆಂಡೊ ಗೇಮ್ ಬಾಯ್ ಬಿಡುಗಡೆ ಮಾಡಿತು. ಅದೂ ಯೊಕೊಯಿಯದೇ ತಂಡದ ಕೆಲಸ. ಪರದೆ 160 × 144 ಚುಕ್ಕಿ, ಬಣ್ಣವೆಂದರೆ ಹಸಿರು ಛಾಯೆಯ ನಾಲ್ಕು ಮೆಟ್ಟಿಲು, ಒಳದೀಪವಿಲ್ಲ. ಅದೇ ವರ್ಷ ಅಮೆರಿಕದ ಅಟಾರಿ ಕಂಪನಿ ಬಣ್ಣದ, ಬೆಳಗುವ ಪರದೆಯ ಲಿಂಕ್ಸ್ ತಂದಿತು. ಅದು ಆರು ಸೆಲ್ ನುಂಗಿ ನಾಲ್ಕೈದು ತಾಸು ಓಡುತ್ತಿತ್ತು. ಗೇಮ್ ಬಾಯ್ ನಾಲ್ಕು ಸೆಲ್ಲಿನಲ್ಲಿ ಹತ್ತು ತಾಸಿಗೂ ಮಿಕ್ಕಿ ನಡೆಯುತ್ತಿತ್ತು. ಗೆದ್ದದ್ದು ಗೇಮ್ ಬಾಯ್. ಹೊಚ್ಚಹೊಸದರ ಹಿಂದೆ ಬೀಳದೆ, ಹಳತಾಗಿ ಅಗ್ಗವಾದ ತಂತ್ರವನ್ನೇ ಹೊಸ ರೀತಿಯಲ್ಲಿ ದುಡಿಸಬೇಕು ಎಂಬುದು ಯೊಕೊಯಿಯ ನಂಬಿಕೆಯಾಗಿತ್ತು.

ಗೇಮ್ ಬಾಯ್ ಜೊತೆಗೆ ಬಂದ 'ಸೂಪರ್ ಮಾರಿಯೋ ಲ್ಯಾಂಡ್' 1.8 ಕೋಟಿಗೂ ಹೆಚ್ಚು ಪ್ರತಿ ಮಾರಾಟವಾಯಿತು. ಇಡೀ ಆಟ 64 ಕಿಲೋಬೈಟಿನದು. ನಾವು ವಾಟ್ಸಾಪಿನಲ್ಲಿ ಕಳಿಸುವ ಒಂದು ಫೋಟೋ ಇದಕ್ಕಿಂತ ದೊಡ್ಡದಿರುತ್ತದೆ. ಹಂತಗಳು ಹನ್ನೆರಡೇ. ಕೈ ಪಳಗಿದವರು ಒಂದು ತಾಸಿನೊಳಗೆ ಮುಗಿಸುತ್ತಾರೆ. ಆಟವನ್ನು ಅರ್ಧಕ್ಕೆ ಉಳಿಸಿಡುವ ಸೌಕರ್ಯವಿಲ್ಲ, ಸ್ವಿಚ್ ಆಫ್ ಆದರೆ ಮತ್ತೆ ಮೊದಲಿನಿಂದ. ಮಾರಿಯೋ ಇರುವೆಯಷ್ಟು ಚಿಕ್ಕವನು. ಆ ಕಾಲದ ಪರದೆ ಓಡುವ ವಸ್ತುವಿನ ಹಿಂದೆ ಮಸುಕು ಬಾಲ ಬಿಡುತ್ತಿದ್ದುದರಿಂದ ವೇಗವಾಗಿ ಬರುವ ವೈರಿ ಕಾಣುವುದೇ ಕಷ್ಟ. 1992ರಲ್ಲಿ ಬಂದ ಎರಡನೆಯ ಭಾಗದಲ್ಲಿ ಇದನ್ನೆಲ್ಲ ತಿದ್ದಿದರು. ಮಾರಿಯೋನನ್ನು ದೊಡ್ಡದು ಮಾಡಿದರು, ಆಟ ಉಳಿಸಿಡಲು ಕ್ಯಾಸೆಟ್ಟಿನೊಳಗೇ ಪುಟ್ಟ ಬ್ಯಾಟರಿ ಕೂರಿಸಿದರು. ಮಾರಿಯೋ ಚೆನ್ನಾಗಿ ಕಂಡ. ಆದರೆ ಅವನು ದೊಡ್ಡವನಾದಷ್ಟೂ ಮುಂದಿನ ದಾರಿ ಕಡಿಮೆ ಕಂಡಿತು. ಸಣ್ಣ ಪರದೆಯಲ್ಲಿ ಆಳು ಸ್ಪಷ್ಟವಾಗಿ ಕಾಣಬೇಕೋ, ಹಾದಿ ದೂರದವರೆಗೆ ಕಾಣಬೇಕೋ? ಎರಡೂ ಒಟ್ಟಿಗೆ ದಕ್ಕುವುದಿಲ್ಲ. ಈ ಜಾತಿಯ ಪ್ರತಿ ಆಟವೂ ಈ ಇಕ್ಕಟ್ಟಿನಲ್ಲೇ ಹುಟ್ಟುತ್ತದೆ.

ಬೌನ್ಸ್ ಮಾಡಿದವರ ಜಾಣತನ ಇಲ್ಲಿದೆ. ಉದಾಹರಣೆಗೆ 2004ರ ನೋಕಿಯಾ 2600 ತೆಗೆದುಕೊಳ್ಳಿ. ಅದರ ಪರದೆ 128 × 128 ಚುಕ್ಕಿ, ಗೇಮ್ ಬಾಯ್‌ಗಿಂತಲೂ ಚಿಕ್ಕದು. ಆ ಕಾಲದ ಹಲವು ನೋಕಿಯಾ ಫೋನುಗಳಲ್ಲಿ ಒಂದು ಆಟದ ಕಡತ 64 ಕಿಲೋಬೈಟ್ ದಾಟುವಂತಿರಲಿಲ್ಲ. ಕೈಕಾಲು, ಟೋಪಿ, ಮೀಸೆ ಬಿಡಿಸಲು ಅಲ್ಲಿ ಜಾಗವೆಲ್ಲಿ? ಅವರು ಚೆಂಡು ಬಿಡಿಸಿದರು. ಚೆಂಡಿಗೆ ಎಡಮುಖ ಬಲಮುಖವಿಲ್ಲ, ನಡಿಗೆ ತೋರಿಸುವ ಹತ್ತು ಚಿತ್ರ ಬೇಡ. ಕೆಂಪು ಬಣ್ಣ ಎಷ್ಟು ಚಿಕ್ಕದಾದರೂ ಕಣ್ಣು ತಪ್ಪಿಸುವುದಿಲ್ಲ. 4 ಒತ್ತಿದರೆ ಎಡಕ್ಕೆ, 6 ಒತ್ತಿದರೆ ಬಲಕ್ಕೆ, 2 ಒತ್ತಿದರೆ ಜಿಗಿತ. ಹಂತದಲ್ಲಿರುವ ಬಳೆಗಳನ್ನೆಲ್ಲ ತೂರಿ ಬಂದರೆ ಬಾಗಿಲು ತೆರೆಯುತ್ತದೆ. ಮುಳ್ಳು ತಾಗಿದರೆ ಚೆಂಡು ಪಟ್ಟನೆ ಒಡೆಯುತ್ತದೆ. ಇಷ್ಟು ತಿಳಿಯಲು ಇಂಗ್ಲಿಷ್ ಬೇಡ, ಓದೂ ಬೇಡ. ಎರಡನೇ ಇಯತ್ತೆಯ ತಂಗಿ ಅಣ್ಣನ ಭುಜದ ಮೇಲಿಂದ ಇಣುಕಿಯೇ ಕಲಿತುಬಿಡುತ್ತಿದ್ದಳು. "ಲೈಫ್ ಒಂದೇ ಉಳದದ, ನೋಡಿ ಜಿಗಿ" ಎಂದು ಅಣ್ಣನಿಗೇ ಹೇಳುತ್ತಿದ್ದಳು.

ಚೆಂಡಿನ ಗಾತ್ರದಲ್ಲೂ ಒಂದು ಹೂಟವಿದೆ. ಗಾಳಿ ತುಂಬುವ ಜಾಗ ಮುಟ್ಟಿದರೆ ಚೆಂಡು ಉಬ್ಬುತ್ತದೆ. ಉಬ್ಬಿದ್ದು ನೀರಿನಲ್ಲಿ ತೇಲುತ್ತದೆ, ಸಣ್ಣದು ಮುಳುಗುತ್ತದೆ. ಮುಳುಗಿದರೂ ಸಾಯುವುದಿಲ್ಲ, ಕೆರೆಯ ತಳದಲ್ಲಿ ಉರುಳುತ್ತ ಹೋಗಬಹುದು. ಉಬ್ಬಿದ ಚೆಂಡು ಇಕ್ಕಟ್ಟಾದ ಸಂದಿಯಲ್ಲಿ, ಸಣ್ಣ ಬಳೆಯಲ್ಲಿ ತೂರದು. ಹಾಗಾಗಿ ತಳದ ಬಳೆ ಮೊದಲೋ, ಮೇಲಿನ ಬಳೆ ಮೊದಲೋ ಎಂದು ಲೆಕ್ಕ ಹಾಕಿ ಹೊರಡಬೇಕು. ಬರೀ ಬೆರಳಿನ ಚುರುಕಿನ ಆಟಕ್ಕೆ ತಲೆಯ ಕೆಲಸ ಸೇರಿದ್ದು ಹೀಗೆ. ಹಂತಗಳು ಹನ್ನೊಂದೇ ಇದ್ದರೂ ಜನ ವರ್ಷಗಟ್ಟಲೆ ಆಡಿದ್ದಕ್ಕೆ ಇದೇ ಕಾರಣವೆಂದು ನನ್ನ ಎಣಿಕೆ.

ಇನ್ನು ಜಿಗಿತ. ಇಂಥ ಆಟ ಒಳ್ಳೆಯದೋ ಕೆಟ್ಟದ್ದೋ ಎಂಬುದು ನೂರಕ್ಕೆ ಎಂಬತ್ತು ಪಾಲು ಜಿಗಿತದಲ್ಲೇ ತೀರ್ಮಾನವಾಗುತ್ತದೆ. ಯಂತ್ರ ಜಿಗಿತವನ್ನು ಮಾಡುವುದು ಹೀಗೆ. ಗುಂಡಿ ಒತ್ತಿದ ಕೂಡಲೇ ಪ್ರೋಗ್ರಾಮು ಚೆಂಡಿಗೆ ಮೇಲ್ಮುಖ ವೇಗ ಕೊಡುತ್ತದೆ, 8 ಎಂದಿಟ್ಟುಕೊಳ್ಳಿ. ಪರದೆಯ ಮೇಲೆ ಒಂದರ ಹಿಂದೊಂದು ಮೂಡುವ ಚಿತ್ರಗಳಲ್ಲಿ ಮೊದಲನೆಯದರಲ್ಲಿ ಚೆಂಡು 8 ಚುಕ್ಕಿ ಏರುತ್ತದೆ. ಪ್ರತಿ ಹೊಸ ಚಿತ್ರಕ್ಕೂ ವೇಗದಿಂದ 1 ಕಳೆಯುತ್ತ ಹೋಗುತ್ತಾರೆ. ಆ 1 ಎಂಬುದೇ ಆಟದೊಳಗಿನ ಗುರುತ್ವ. 8, 7, 6 ಹೀಗೆ ಇಳಿದು ವೇಗ ಸೊನ್ನೆಗೆ ಬರುವಷ್ಟರಲ್ಲಿ ಚೆಂಡು ಒಟ್ಟು 36 ಚುಕ್ಕಿ ಮೇಲಿರುತ್ತದೆ. ಅಲ್ಲಿಂದ ಲೆಕ್ಕ ತಿರುವುಮುರುವಾಗಿ ಕೆಳಗಿಳಿಯುತ್ತದೆ. 128 ಚುಕ್ಕಿಯ ಪರದೆಯಲ್ಲಿ 36 ಎಂದರೆ ಕಾಲು ಭಾಗಕ್ಕೂ ಹೆಚ್ಚು. ಆರಂಭದ ವೇಗವನ್ನು 8ರಿಂದ 10 ಮಾಡಿದರೆ ಎತ್ತರ 55ಕ್ಕೆ ಹೋಗುತ್ತದೆ, ಚೆಂಡು ಪರದೆಯ ಅರ್ಧದ ಹತ್ತಿರ ಹಾರಿ ಕೈ ತಪ್ಪುತ್ತದೆ. ಇಷ್ಟು ಸಣ್ಣ ಅಂಕಿಯ ಮೇಲೆ ಆಟದ ಸುಖವೆಲ್ಲ ನಿಂತಿದೆ. ಬೌನ್ಸಿನ ರಬ್ಬರ್ ನೆಲದ ಮೇಲೆ ಜಿಗಿತದ ಗುಂಡಿ ಒತ್ತಿಯೇ ಹಿಡಿದರೆ ಒಂದೊಂದು ಪುಟಿತಕ್ಕೂ ಚೆಂಡು ಮೊದಲಿಗಿಂತ ಎತ್ತರ ಹೋಗುತ್ತದೆ. ಆ ಏರಿಕೆಯ ಲಯ ಹೆಬ್ಬೆರಳಿಗೆ ಹತ್ತಿಬಿಟ್ಟರೆ ಫೋನು ಕೆಳಗಿಡಲು ಮನಸ್ಸು ಬಾರದು.

ಬೌನ್ಸಿನಲ್ಲಿ ಇಲ್ಲದ್ದು ಕ್ಷಮೆ. ಅಂಚಿನಿಂದ ಚೂರು ತಪ್ಪಿದರೂ ಹಳ್ಳಕ್ಕೆ, ಹಳ್ಳದಲ್ಲಿ ಮುಳ್ಳು. ಈಚಿನ ಒಳ್ಳೆಯ ಆಟಗಳು ಇಲ್ಲಿ ಗುಟ್ಟಾಗಿ ಉಪಕಾರ ಮಾಡುತ್ತವೆ. 2018ರ 'ಸೆಲೆಸ್ಟ್' ಆಟದಲ್ಲಿ ಅಂಚು ದಾಟಿದ ಮೇಲೂ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟು ಹೊತ್ತು ಜಿಗಿತದ ಗುಂಡಿ ಕೆಲಸ ಮಾಡುತ್ತದೆ. ಆಡುವವನು ತಾನೇ ಸರಿಯಾಗಿ ಒತ್ತಿದೆನೆಂದುಕೊಂಡು ಖುಷಿಪಡುತ್ತಾನೆ. ಕೀಪ್ಯಾಡ್ ಫೋನುಗಳಲ್ಲಿ ಉಪಕಾರದ ಮಾತಿರಲಿ, ಕೆಲವು ಸೆಟ್ಟುಗಳು ಎರಡು ಗುಂಡಿ ಕೂಡಿ ಒತ್ತಿದರೆ ಒಂದನ್ನು ಗುರುತಿಸುತ್ತಲೇ ಇರಲಿಲ್ಲ. ಓಡುತ್ತ ಜಿಗಿಯುವ ಆಟಕ್ಕೆ ಇದು ದೊಡ್ಡ ಕುಂದು. ಜೊತೆಗೆ ಬಿಸಿಲು. ಗೇಮ್ ಬಾಯ್‌ನ ದೀಪವಿಲ್ಲದ ಪರದೆ ಬಿಸಿಲಿನಲ್ಲಿ ಚೆನ್ನಾಗಿ ಕಂಡು ಕತ್ತಲೆಯಲ್ಲಿ ಕೈಕೊಡುತ್ತಿತ್ತು. ಈ ಅಗ್ಗದ ಬಣ್ಣದ ಪರದೆಗಳು ಅದಕ್ಕೆ ತದ್ವಿರುದ್ಧ. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟುವ ನಮ್ಮ ಕಡೆ ಹೊಲದ ಬದುವಿನಲ್ಲಿ ಕೂತು ಆಡಲಾಗದು, ಬೇವಿನ ನೆರಳೋ ಕಟ್ಟೆಯ ಮರೆಯೋ ಹುಡುಕಬೇಕು.

2008ರಲ್ಲಿ 'ಬೌನ್ಸ್ ಟೇಲ್ಸ್' ಬಂತು. ಮಾಡಿಕೊಟ್ಟದ್ದು ಫಿನ್ಲೆಂಡಿನ ರೋವಿಯೋ. ಮರುವರ್ಷ 'ಆಂಗ್ರಿ ಬರ್ಡ್ಸ್' ಮಾಡಿ ಜಗತ್ತಿಗೆಲ್ಲ ಪರಿಚಯವಾದ ಕಂಪನಿಯೇ ಅದು. ಚೆಂಡಿಗೆ ಕಣ್ಣು ಬಂತು, ಕಥೆ ಬಂತು, ಭಾರದ ರೂಪ, ಹಗುರ ರೂಪ ಬಂದವು. ನೋಡಲು ಚೆಂದ, ಮೊದಲಿನದಕ್ಕಿಂತ ಮೃದು. ಆದರೂ ಹಳೆಯ ಬೌನ್ಸಿನ ಬಿಗಿ ನನಗೆ ಅದರಲ್ಲಿ ಸಿಗಲಿಲ್ಲ. ಇಳಿಜಾರಿನಲ್ಲಿ ಚೆಂಡು ತಾನಾಗಿ ಉರುಳುತ್ತಿದ್ದರೆ ಬೆರಳಿಗೆ ಕೆಲಸವೇನು?

ಮುಂದಿನದು ಎಲ್ಲರಿಗೂ ಗೊತ್ತಿರುವುದೇ. ಟಚ್ ಫೋನು ಬಂತು, ಗುಂಡಿ ಹೋಯಿತು. ಗಾಜಿನ ಮೇಲೆ ಬರೆದ ಗುಂಡಿಗೆ ಏರುತಗ್ಗಿಲ್ಲ, ಬೆರಳು ಎಲ್ಲಿದೆಯೆಂದು ನೋಡದೆ ತಿಳಿಯದು. ಮೇಲಾಗಿ ಹೆಬ್ಬೆರಳೇ ಪರದೆಯ ಎರಡೂ ಮೂಲೆ ಮುಚ್ಚುತ್ತದೆ. ಹೀಗಾಗಿ ಆಟ ಕಟ್ಟುವವರು ಓಟವನ್ನು ಯಂತ್ರಕ್ಕೆ ಬಿಟ್ಟು, ಜಿಗಿತ ಮತ್ತು ತಿರುವು ಮಾತ್ರ ನಮಗೆ ಉಳಿಸಿದರು. 'ಟೆಂಪಲ್ ರನ್' (2011), 'ಸಬ್‌ವೇ ಸರ್ಫರ್ಸ್' (2012) ಆ ದಾರಿಯವು. 2016ರಲ್ಲಿ ಮಾರಿಯೋ ಫೋನಿಗೆ ಬಂದಾಗ ಅವನೂ ತಾನೇ ಓಡತೊಡಗಿದ. ಹಿಂದೆ ಹೋಗಿ ಮತ್ತೊಮ್ಮೆ ನೋಡುವ, ನಿಂತು ಯೋಚಿಸುವ ಸ್ವಾತಂತ್ರ್ಯ ಹೋಯಿತು. ಪುಕ್ಕಟೆ ಆಟಗಳಲ್ಲಿ ಸತ್ತಾಗೊಮ್ಮೆ ಜಾಹೀರಾತು ಬೇರೆ.

ನಮ್ಮವರು ಈ ಕಡೆ ಹೆಚ್ಚು ಕೈ ಹಾಕಿಲ್ಲ. ಉಡುಪಿಯ 99ಗೇಮ್ಸ್ ಕಂಪನಿಗೆ ಹೆಸರು ತಂದದ್ದು 'ಸ್ಟಾರ್ ಶೆಫ್' ಎಂಬ ಅಡುಗೆಯ ಆಟ (2014). ಕೈಯಲ್ಲಿ ಹಿಡಿಯುವ ಯಂತ್ರಕ್ಕೆ ಭಾರತದಿಂದ ಹೋದ ಹೆಸರಾಂತ ಜಿಗಿತದ ಆಟ ಪುಣೆಯ ನಾಡಿಂಗ್ ಹೆಡ್ಸ್ ತಂಡದ 'ರಾಜಿ'. 2020ರಲ್ಲಿ ನಿಂಟೆಂಡೊ ಸ್ವಿಚ್ ಮೇಲೆ ಬಂತು. ಕೋಟೆ ಕೊತ್ತಲ, ಗೋಡೆಯ ಚಿತ್ರ, ದುರ್ಗೆಯ ಕಥೆ ಕಣ್ತುಂಬುತ್ತವೆ. ಆದರೆ ನೋಟದ ಕೋನ ಆಡುವವರ ಕೈಯಲ್ಲಿಲ್ಲ. ಮುಂದಿನ ಕಂಬ ಎಷ್ಟು ದೂರವಿದೆಯೆಂದು ಅಂದಾಜಾಗದೆ ಬಿದ್ದಾಗ ತಪ್ಪು ಬೆರಳಿನದಲ್ಲ.

ಈಗ ಜಾತ್ರೆಯಲ್ಲೂ ಆನ್‌ಲೈನಿನಲ್ಲೂ ಕೆಲವು ನೂರು ರೂಪಾಯಿಗೆ '400 ಇನ್ 1' ಎಂಬ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಒಳಗೆ ಹಳೆಯ ಟಿವಿ ಗೇಮಿನ ಮಾರಿಯೋ ಮತ್ತವನ ಬಳಗ. ಇದನ್ನು ಕೊಳ್ಳುವವರು ಅಂಗಡಿಯಲ್ಲೇ ನಿಂತು ನೋಡಬೇಕಾದದ್ದು ಕೆಲವಿವೆ. ಬಲಕ್ಕೆ ಓಡುವ ಗುಂಡಿ ಒತ್ತಿಯೇ ಜಿಗಿತದ ಗುಂಡಿ ಒತ್ತಿ, ಎರಡೂ ಒಟ್ಟಿಗೆ ನಡೆಯಬೇಕು. ಆಟದ ಪಟ್ಟಿಯನ್ನು ಕೆಳಗಿನವರೆಗೆ ಇಳಿಸಿದರೆ ಒಂದೇ ಆಟ ಬೇರೆ ಬೇರೆ ಹೆಸರಿನಲ್ಲಿ ಎಷ್ಟು ಸಲ ಬಂದಿದೆಯೆಂದು ಗೊತ್ತಾಗುತ್ತದೆ. ಆಟ ಉಳಿಸಿಡುವ ಸೌಕರ್ಯ ಇವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ, ಮಕ್ಕಳಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಹಿಂಬದಿಯ ಮುಚ್ಚಳ ತೆಗೆದರೆ ಸಾಧಾರಣವಾಗಿ ಕಾಣುವುದು ಬಿಎಲ್-5ಸಿ ಮಾದರಿಯ ಬ್ಯಾಟರಿ. ನೋಕಿಯಾ 1100, 2600 ಸೆಟ್ಟುಗಳಲ್ಲಿ ಇದ್ದದ್ದೂ ಅದೇ ಅಳತೆಯದು, ಹಾಗಾಗಿ ಬದಲಿ ಸಲೀಸಾಗಿ ಸಿಗುತ್ತದೆ. ಈ ಮಾದರಿಯ ಬ್ಯಾಟರಿ ಚಾರ್ಜಾಗುವಾಗ ಬಿಸಿಯೇರುವ ದೂರು ಬಂದು 2007ರ ಆಗಸ್ಟಿನಲ್ಲಿ ನೋಕಿಯಾ ಜಗತ್ತಿನಾದ್ಯಂತ 4.6 ಕೋಟಿ ಬ್ಯಾಟರಿ ಬದಲಿಸಿಕೊಡುವುದಾಗಿ ಹೇಳಬೇಕಾಯಿತು. ನಕಲಿ ಬ್ಯಾಟರಿಗಳಿಗೆ ಅಂಥ ಹೊಣೆ ಹೊರುವವರಿಲ್ಲ. ಬ್ಯಾಟರಿಯನ್ನು ಮೇಜಿನ ಮೇಲಿಟ್ಟು ಬೆರಳಿನಿಂದ ತಿರುಗಿಸಿ ನೋಡಿ. ಬುಗುರಿಯಂತೆ ಸುತ್ತಿದರೆ ಹೊಟ್ಟೆ ಊದಿದೆ ಎಂದರ್ಥ, ಬೇರೆ ಕೇಳಿ.